ಕಥೆಯ ರಾಕ್ಷಸರು ಹುಟ್ಟಿನಿಂದಲೇ ಕೆಟ್ಟವರಾಗಿರಬೇಕಾ?

ಸುರಂಗದ ನೀರು:

ನಮಸ್ಕಾರ ಎಲ್ಲರಿಗೂ. ನಾನು ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯವಳು. ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಾ ಇದ್ದೇನೆ, ಕನ್ನಡದಲ್ಲೇ. ಮುಕ್ಕಾಲು ಭಾಗ ಆಗಿದೆ. ಈಗ ಒಂದು ಕಡೆ ಕೈ ಓಡುತ್ತಿಲ್ಲ, ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ.

ಕಥೆಯ ಊರು ನಮ್ಮ ಊರಿನಂಥದ್ದೇ. ಮುರಕಲ್ಲಿನ ಗುಡ್ಡ, ಕೆಳಗೆ ಅಡಿಕೆ ತೋಟ, ಗುಡ್ಡದೊಳಗೆ ಸುರಂಗ. ಬಾಯಾರು, ಪಡ್ರೆ ಕಡೆಯವರಿಗೆ ಸುರಂಗ ಅಂದರೆ ಎಂತ ಅಂತ ಹೇಳಬೇಕಾಗಿಲ್ಲ. ಬೇರೆ ಊರಿನವರಿಗೆ ಹೇಳುವುದಾದರೆ, ಬಾವಿಯನ್ನು ಕೆಳಕ್ಕೆ ತೋಡುತ್ತೇವಲ್ಲ, ಸುರಂಗವನ್ನು ಗುಡ್ಡದೊಳಕ್ಕೆ ಅಡ್ಡ ಕೊರೆಯುತ್ತೇವೆ. ಒಬ್ಬ ಮನುಷ್ಯ ನುಗ್ಗುವಷ್ಟೇ ಅಗಲ. ನೀರಿನ ಒಸರು ಸಿಗುವ ತನಕ ಪಿಕ್ಕಾಸಿನಲ್ಲಿ ಕೊರೆಯುತ್ತಾ ಹೋಗುವುದು. ಒಳಗೆ ಹೋಗುವವರು ದೀಪ ಉರಿಸಿಕೊಂಡು ಹೋಗುತ್ತಾರೆ. ದೀಪ ಮಂಕಾಯಿತು ಅಂದರೆ ಗಾಳಿ ಸಾಲುತ್ತಿಲ್ಲ ಅಂತ ಲೆಕ್ಕ, ಕೂಡಲೇ ಹೊರಗೆ ಬರಬೇಕು.

ನನ್ನ ಕಥೆಯಲ್ಲಿ ಆ ಗುಡ್ಡದ ಒಳಗೆ ಒಂದು ಕುಲ ಇದೆ. ಊರವರು ಅವರನ್ನು ಒಳಗುಡ್ಡದವರು ಅನ್ನುತ್ತಾರೆ. ಬಿಳಿಚಿದ ಕಣ್ಣು, ಗೂನು ಬೆನ್ನು, ಉದ್ದ ಉಗುರು. ನೀರಿನ ಒಸರು ಮುಚ್ಚುತ್ತಾರೆ. ಕೊರೆಯಲು ಹೋದವರನ್ನು ಒಳಗೆ ಎಳೆದುಕೊಳ್ಳುತ್ತಾರೆ, ಹೋದವರು ವಾಪಸ್ ಬರುವುದಿಲ್ಲ. ಕೊನೆಗೆ ನಾಯಕ ಊರವರನ್ನೆಲ್ಲ ಸೇರಿಸಿ ಸುರಂಗದ ಬಾಯಿಗೆ ಬೆಂಕಿ ಹಾಕಿ, ಹೊಗೆ ನುಗ್ಗಿಸಿ ಅವರನ್ನು ಮುಗಿಸುತ್ತಾನೆ. ಇಷ್ಟು ಮೊದಲೇ ಹಾಕಿಕೊಂಡ ಪ್ಲಾನು.

ಆದರೆ ನಡುವೆ ಒಂದು ಅಧ್ಯಾಯದಲ್ಲಿ ನಾಯಕ ಒಬ್ಬನೇ ಒಳಗೆ ಹೋಗುತ್ತಾನೆ. ಕತ್ತಲಲ್ಲಿ ಅವನಿಗೆ ಎಂತ ಕೇಳಿಸಬೇಕು ಅಂತ ಯೋಚಿಸುತ್ತಾ ಬರೆಯುವಾಗ ಒಂದು ಮಗು ಅಳುವುದನ್ನು ಬರೆದೆ. ಯಾರೋ ಅದನ್ನು ಸಮಾಧಾನ ಮಾಡುವ ಸದ್ದು. ಇಡೀ ಪುಸ್ತಕದಲ್ಲಿ ಆ ಪುಟವೇ ಚೆನ್ನಾಗಿ ಬಂದಿದೆ ಅಂತ ನನಗೆ ಅನ್ನಿಸುತ್ತದೆ. ಅದಾದ ಮೇಲೆ ಹೊಗೆ ಹಾಕುವ ಅಧ್ಯಾಯ ಬರೆಯಲು ಆಗುತ್ತಿಲ್ಲ.

ಓದಿದ ಒಬ್ಬ ಗೆಳತಿ ‘ಆ ಮಗುವನ್ನು ತೆಗೆದುಬಿಡು, ರಾಕ್ಷಸರು ರಾಕ್ಷಸರೇ’ ಅಂದಳು. ಇನ್ನೊಬ್ಬರು ‘ಅವರನ್ನು ಪಾಪದವರು ಮಾಡು, ಊರವರೇ ಕೆಟ್ಟವರು ಅಂತ ಮಾಡು, ಈಗ ಎಲ್ಲರೂ ಹಾಗೇ ಬರೆಯುವುದು’ ಅಂದರು. ನನಗೆ ಎರಡೂ ಸರಿ ಕಾಣುವುದಿಲ್ಲ. ಕಥೆಯಲ್ಲಿ ಜನ ಸತ್ತಿದ್ದಾರೆ, ಅದು ಸುಳ್ಳಾಗುವುದಿಲ್ಲ. ಆದರೆ ಒಂದು ಇಡೀ ಕುಲವನ್ನೇ ಹುಟ್ಟಿನಿಂದ ಕೆಟ್ಟದ್ದು ಅಂತ ಬರೆಯಬಹುದಾ? ಬರೆಯಬಾರದು ಅಂತಾದರೆ ಭಯ ಎಲ್ಲಿಂದ ತರುವುದು?

ರಾತ್ರಿ ಆಟ:

ಅಕ್ಕ, ಮಗುವನ್ನು ಖಂಡಿತ ತೆಗೆಯಬೇಡಿ.

ಭಯದ ವಿಷಯ ಮೊದಲು ಹೇಳುತ್ತೇನೆ. ನಮ್ಮ ತೆಂಕುತಿಟ್ಟಿನ ಯಕ್ಷಗಾನದ ಬಣ್ಣದ ವೇಷವನ್ನು, ಅಂದರೆ ರಾಕ್ಷಸ ವೇಷವನ್ನು, ಬಣ್ಣ ಹಚ್ಚುವ ಚೌಕಿಯಲ್ಲಿ ಕೂತು ನೋಡಿದ್ದೀರಾ? ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿ ಇಡುವುದೇ ಗಂಟೆಗಟ್ಟಲೆ ಕೆಲಸ. ಒಂದೊಂದೇ ಮುಳ್ಳು ಎಬ್ಬಿಸುತ್ತಾ ಹೋಗುತ್ತಾರೆ, ಕೆನ್ನೆಯಿಂದ ಹಣೆಗೆ. ಈಗಷ್ಟೇ ನಮ್ಮ ಹತ್ತಿರ ಚಾ ಕುಡಿಯುತ್ತಾ ಮಾತಾಡಿದ ಮನುಷ್ಯನ ಮುಖ ನೋಡನೋಡುತ್ತಾ ಇಲ್ಲದಾಗುತ್ತದೆ. ದೇವೀ ಮಹಾತ್ಮೆಯ ದಿನ ಮಧ್ಯರಾತ್ರಿ ಕಳೆದ ಮೇಲೆ ಮಹಿಷಾಸುರ ಪ್ರೇಕ್ಷಕರ ನಡುವಿನಿಂದಲೇ ದೊಂದಿ ಬೆಳಕಲ್ಲಿ ಬರುತ್ತಾನೆ, ರಾಳದ ಪುಡಿ ಎರಚಿದ ಕೂಡಲೇ ಬೆಂಕಿ ಭಗ್ ಅಂತ ಏಳುತ್ತದೆ, ಅಮ್ಮನ ಮಡಿಲಲ್ಲಿ ನಿದ್ದೆ ಹೋಗಿದ್ದ ಮಕ್ಕಳೆಲ್ಲ ಎದ್ದು ಕಿರುಚುತ್ತಾರೆ. ಅವನು ಹುಟ್ಟಿನಿಂದ ಕೆಟ್ಟವನಾ, ಆಮೇಲೆ ಕೆಟ್ಟವನಾದನಾ ಅಂತ ಆಗ ಯಾರಿಗೂ ತಲೆಗೆ ಹೋಗುವುದಿಲ್ಲ. ಭಯ ಬರುವುದು ಅವನು ಬರುವ ರೀತಿಯಿಂದ. ಹಾಗಾಗಿ ‘ಕೆಟ್ಟ ಕುಲ’ ಅನ್ನುವುದನ್ನು ತೆಗೆದರೆ ಭಯವೂ ಹೋಗುತ್ತದೆ ಅಂತ ಹೆದರಬೇಡಿ.

ಇನ್ನು ನ್ಯಾಯದ ವಿಷಯ. ಇದಕ್ಕೆ ಆಟ ಬಿಟ್ಟು ತಾಳಮದ್ದಳೆಗೆ ಹೋಗಬೇಕು. ರಾವಣ, ವಾಲಿ ಅಂದರೆ ಈಗಲೂ ಜನ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಹೆಸರು ಹೇಳುತ್ತಾರೆ, ನಮ್ಮ ಜಿಲ್ಲೆಯವರೇ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಬಣ್ಣ ಇಲ್ಲ, ಕುಣಿತ ಇಲ್ಲ. ಬರೀ ಮಾತು. ತಂಗಿಯ ಮೂಗು ಕೊಯ್ದವರನ್ನು ಅಣ್ಣನಾದವನು ಸುಮ್ನೆ ಬಿಡಬೇಕಾ ಅಂತ ರಾವಣ ಕೇಳಿದರೆ, ರಾಮನಿಗೆ ದಿನಾ ಕೈ ಮುಗಿಯುವವರೂ ತಲೆ ಆಡಿಸುತ್ತಾರೆ. ಆಮೇಲೆ ರಾವಣ ಬೀಳುತ್ತಾನೆ. ಬೀಳಲೇಬೇಕು, ಅದು ಬೇಡ ಅಂತ ಯಾರೂ ಅನ್ನುವುದಿಲ್ಲ. ಮಾತಾಡಲು ಬಿಟ್ಟ ಮಾತ್ರಕ್ಕೆ ಅವನ ತಪ್ಪು ಮಾಫಿ ಆಗಲಿಲ್ಲ. ಈಗಿನ ತುಂಬಾ ಕಥೆಗಳಲ್ಲಿ ಇದೇ ಕೆಡುವುದು. ರಾಕ್ಷಸನಿಗೆ ಬಾಯಿ ಕೊಟ್ಟ ಕೂಡಲೇ ಅವನನ್ನು ನಿರಪರಾಧಿ ಮಾಡಿಬಿಡುತ್ತಾರೆ.

ನಿಮ್ಮ ಒಳಗುಡ್ಡದವರಲ್ಲಿ ಒಬ್ಬರಾದರೂ ನಾಯಕನ ಎದುರು ನಿಂತು ಮಾತಾಡಲಿ. ಅವನಿಗೆ ಉತ್ತರ ಹೊಳೆಯಬಾರದು, ಅಷ್ಟು ಗಟ್ಟಿ ವಾದ ಇರಲಿ.

ಕುಂಬಳೆ ಹೊಳೆ:

ನನಗೆ ಇದು ಒಪ್ಪಿಗೆ ಇಲ್ಲ.

ಕೆಲಸ ಮುಗಿಸಿ ಬಂದು ರಾತ್ರಿ ಎರಡು ಅಧ್ಯಾಯ ಓದುವವ ನಾನು. ಪ್ರತಿ ರಾಕ್ಷಸನಿಗೂ ಒಂದು ದುಃಖದ ಬಾಲ್ಯ, ಪ್ರತಿ ಭೂತಕ್ಕೂ ಒಂದು ಹಳೇ ಗಾಯ. ಸಾಕಾಗಿದೆ. ಹೊಳೆಯಲ್ಲಿ ನೆರೆ ಬಂದು ಮನೆ ಕೊಚ್ಚಿಕೊಂಡು ಹೋಗುವಾಗ ನೆರೆಯ ಕಷ್ಟ ಎಂತ ಅಂತ ಯಾರಾದರೂ ಕೇಳುತ್ತಾರಾ? ಕೆಲವು ರಾಕ್ಷಸರು ಹಾಗೆ ಇರಬೇಕು. ಬಂದದ್ದು ಯಾಕೆ ಅಂತ ಗೊತ್ತಿಲ್ಲ, ಮಾತು ಕೇಳುವುದಿಲ್ಲ, ತಡೆಯಬೇಕು ಅಷ್ಟೇ. ಅಂಥದ್ದರ ಎದುರು ನಿಂತ ಮನುಷ್ಯರ ಧೈರ್ಯ ಓದಲು ನನಗೆ ಇಷ್ಟ. ಅದು ಕೆಳಮಟ್ಟದ ಓದು ಅಂತ ನಾನು ಒಪ್ಪುವುದಿಲ್ಲ. ಹೊಗೆ ಹಾಕಿ.

ದಾಳ ಹಾಕುವವ:

@ಕುಂಬಳೆ ಹೊಳೆ, ನೆರೆಗೆ ಮಾತು ಬರುವುದಿಲ್ಲ, ಮಗು ಹುಟ್ಟುವುದಿಲ್ಲ. ನೀವು ಹೇಳುವಂಥ ರಾಕ್ಷಸ ಬೇಕು ಅಂದರೆ ಬರೆಯಲಿ, ನನಗೂ ಇಷ್ಟ. ಆದರೆ ಅದಕ್ಕೆ ಮನೆ, ಭಾಷೆ, ತೊಟ್ಟಿಲು ಕೊಡಬಾರದು. ಕೊಟ್ಟ ಮೇಲೆ ಅದು ಜನ. ಜನರನ್ನು ಹುಟ್ಟಿನಿಂದ ಕೆಟ್ಟವರು ಅಂತ ಬರೆದರೆ ಕಥೆ ಒಳಗಿನಿಂದ ಬಿರುಕು ಬಿಡುತ್ತದೆ.

ಟೋಲ್ಕಿನ್‌ಗೇ ಈ ತಲೆನೋವು ಬಿಟ್ಟಿಲ್ಲ. ಆ ಇಂಗ್ಲಿಷ್ ಲೇಖಕರ ದೊಡ್ಡ ಕಾದಂಬರಿ ‘ದಿ ಲಾರ್ಡ್ ಆಫ್ ದ ರಿಂಗ್ಸ್’ 1954–55ರಲ್ಲಿ ಮೂರು ಸಂಪುಟಗಳಲ್ಲಿ ಬಂತು. ಅದರಲ್ಲಿ ಓರ್ಕ್‌ಗಳು ಅಂತ ಒಂದು ಸೈನ್ಯ, ಸಾವಿರಾರು ಸಂಖ್ಯೆಯಲ್ಲಿ ಸಾಯುತ್ತವೆ, ಯಾರೂ ಅಳುವುದಿಲ್ಲ. ಆದರೆ ಎರಡನೇ ಸಂಪುಟದ ಕೊನೆ ಹತ್ತಿರ ಎರಡು ಓರ್ಕ್ ನಾಯಕರು ತಮ್ಮತಮ್ಮಲ್ಲಿ ಮಾತಾಡುವ ಜಾಗ ಬರುತ್ತದೆ. ಮೇಲಿನವರ ಕಾಟದ ಬಗ್ಗೆ ಗೊಣಗುತ್ತಾರೆ. ಯುದ್ಧ ಮುಗಿದ ಮೇಲೆ ನಂಬಿಕೆಯ ನಾಲ್ಕು ಜನರನ್ನು ಕಟ್ಟಿಕೊಂಡು, ದೊಡ್ಡ ಧಣಿಗಳಿಲ್ಲದ ಕಡೆ ಹೋಗಿ ಇರೋಣ ಅಂತ ಆಸೆಪಡುತ್ತಾರೆ. ಇದ್ದಲ್ಲಿಂದ ತಪ್ಪಿಸಿಕೊಳ್ಳುವ ಆಸೆ ಇರುವವನು ಬರೀ ಕೆಟ್ಟತನದಿಂದ ಮಾಡಿದ ಗೊಂಬೆ ಹೇಗಾಗುತ್ತಾನೆ? ಅವರದೂ ಕ್ರೂರ ಮಾತೇ, ಕೊಳ್ಳೆ ಹೊಡೆಯುವ ಆಸೆಯೂ ಅದರಲ್ಲಿ ಇದೆ. ಆದರೂ ಒಂದು ಬದುಕು ಕಾಣುತ್ತದೆ.

ಟೋಲ್ಕಿನ್ ದೈವಭಕ್ತ ಕ್ಯಾಥೊಲಿಕ್. ಕೆಡುಕಿಗೆ ಸ್ವಂತವಾಗಿ ಜೀವ ಸೃಷ್ಟಿಸುವ ಶಕ್ತಿ ಇಲ್ಲ ಅನ್ನುವುದು ಅವರ ನಂಬಿಕೆ. ಹಾಗಾದರೆ ಈ ಓರ್ಕ್‌ಗಳು ಎಲ್ಲಿಂದ ಬಂದವು? 1954ರಲ್ಲಿ ಬರೆದು ಕಳಿಸದೆ ಬಿಟ್ಟ ಒಂದು ಪತ್ರದಲ್ಲಿ ಅವರು ಇವುಗಳನ್ನು ಸ್ವಭಾವತಃ ಕೆಟ್ಟವು ಅನ್ನುತ್ತಾರೆ. ‘ಉದ್ಧಾರವೇ ಇಲ್ಲದವು’ ಅಂತ ಬರೆಯಲು ಹೋಗಿ ಅದು ಅತಿಯಾಗುತ್ತದೆ ಅಂತ ಹಿಂದೆ ಸರಿಯುತ್ತಾರೆ. ಆಮೇಲೂ ಒಮ್ಮೆ ಹಿಡಿದು ಕೆಡಿಸಿದ, ಅವರ ಕಥೆಯ ಅಮರ ಕುಲವಾದ ಎಲ್ಫ್‌ಗಳು, ಒಮ್ಮೆ ಮನುಷ್ಯರು, ಒಮ್ಮೆ ಆತ್ಮವಿಲ್ಲದ ಪ್ರಾಣಿಗಳು ಅಂತ ಬೇರೆ ಬೇರೆ ಉತ್ತರ ಬರೆದು ನೋಡಿದರು. 1973ರಲ್ಲಿ ತೀರಿಕೊಳ್ಳುವ ತನಕ ಒಂದಕ್ಕೆ ನಿಲ್ಲಲಿಲ್ಲ.

ನಾವು ದಾಳ ಹಾಕಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟ 1974ರಲ್ಲಿ ಶುರುವಾಯಿತು. ಅದರಲ್ಲಿ ಪ್ರತಿ ಜೀವಿಯ ಹೆಸರಿನ ಜೊತೆ ಅದು ಒಳ್ಳೆಯದಾ, ಕೆಟ್ಟದ್ದಾ ಅಂತ ಮೊದಲೇ ಬರೆದಿಡುವ ಪದ್ಧತಿ ಬೆಳೆಯಿತು. ಆಟಕ್ಕೆ ಅದು ಸುಲಭ. ಬಾಗಿಲು ಒದ್ದು ಒಳಗೆ ನುಗ್ಗಬೇಕು, ಹೊಡೆಯಬೇಕು, ಯೋಚನೆ ಬೇಡ. 2020ರಲ್ಲಿ ಆಟದ ಕಂಪನಿಯೇ ಓರ್ಕ್, ಡ್ರೌ (ಕಪ್ಪು ಎಲ್ಫ್) ಕುಲಗಳನ್ನು ಹಾಗೆ ತೋರಿಸಿದ್ದು ಸರಿಯಾಗಲಿಲ್ಲ, ಬದಲಾಯಿಸುತ್ತೇವೆ ಅಂತ ಹೇಳಿತು. 2024ರ ಪುಸ್ತಕದಲ್ಲಿ ಓರ್ಕ್ ಆಟಗಾರರು ಆರಿಸಿಕೊಳ್ಳಬಹುದಾದ ಕುಲ. ನಮ್ಮ ಗುಂಪಿನಲ್ಲಿ ಇದಕ್ಕೆ ದೊಡ್ಡ ಜಗಳ ಆಯಿತು. ನನ್ನ ಅನುಭವದಲ್ಲಿ ಬದಲಾದ ಮೇಲೆ ಆಟ ಸಪ್ಪೆ ಆಗಲಿಲ್ಲ. ಈಗ ಗುಹೆಯ ಬಾಗಿಲಲ್ಲಿ ನಿಂತು ಒಳಗೆ ಯಾರಿದ್ದಾರೆ ಅಂತ ಯೋಚಿಸಬೇಕಾಗುತ್ತದೆ, ಹೆದರಿಕೆ ಜಾಸ್ತಿಯೇ ಆಗಿದೆ.

ಮತ್ತೆ ನೀವು ಕುಂಬಳೆಯವರಲ್ವಾ, ಅನಂತಪುರದ ಬಬಿಯಾ ನಿಮಗೇ ಗೊತ್ತು. ದೇವಸ್ಥಾನದ ಕೆರೆಯಲ್ಲಿ ಮೊಸಳೆ. ನೈವೇದ್ಯದ ಅನ್ನ ತಿನ್ನುತ್ತಿತ್ತು. 2022ರಲ್ಲಿ ಅದು ಸತ್ತಾಗ ಜನ ಬಂದು ಹೂ ಹಾಕಿ ಅತ್ತರು. ಹಲ್ಲು ಇದ್ದದ್ದೇ, ನೋಡಿದರೆ ಎದೆ ಝಲ್ ಅನ್ನುವುದೂ ಇದ್ದದ್ದೇ. ಅಪಾಯ ಬೇರೆ, ಕೆಟ್ಟತನ ಬೇರೆ ಅಂತ ಆ ಊರಿನವರಿಗೆ ಯಾರೂ ಕಲಿಸಬೇಕಾಗಿಲ್ಲ.

ಪಡ್ರೆ ಮನೆ:

ತಂಗೀ, ನಾನು ಇಲ್ಲಿ ಓದುವುದು ಜಾಸ್ತಿ, ಬರೆಯುವುದು ಕಡಿಮೆ. ಒಂದು ಮಾತು ಹೇಳಲೇಬೇಕು ಅನ್ನಿಸಿತು. ಎಲ್ಲರೂ ಕುಲದ ಬಗ್ಗೆ ಮಾತಾಡುತ್ತಿದ್ದೀರಿ. ನನ್ನ ಕಣ್ಣು ನಿಂತದ್ದು ‘ಗೂನು ಬೆನ್ನು’ ಅನ್ನುವಲ್ಲಿ.

ನಮ್ಮ ಕಡೆ ಗೇರು ತೋಟಗಳ ಮೇಲೆ 2000ದ ತನಕ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಹೊಡೆಯುತ್ತಿದ್ದರು. 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಅದನ್ನು ನಿಲ್ಲಿಸಿತು. ಅಷ್ಟರಲ್ಲಿ ಎಷ್ಟು ಮನೆಗಳಲ್ಲಿ ಎಂತೆಂಥ ಮಕ್ಕಳು ಹುಟ್ಟಿದರು ಅಂತ ಈ ಗ್ರಾಮಗಳವರಿಗೆ ಗೊತ್ತು. ನನ್ನ ತಮ್ಮ ಅವರಲ್ಲಿ ಒಬ್ಬ. ತಲೆ ದೊಡ್ಡದು, ಕೈಕಾಲು ಸಪೂರ, ಮಾತು ಬರುತ್ತಿರಲಿಲ್ಲ. ಜಗಲಿಯಲ್ಲಿ ಚಾಪೆ ಹಾಕಿ ಮಲಗಿಸುತ್ತಿದ್ದೆವು. ಅಮ್ಮನ ಬಳೆ ಸದ್ದಾದರೆ ಅವನಿಗೆ ನಗು ಬರುತ್ತಿತ್ತು, ಅಮ್ಮ ಇನ್ನೂ ಬಾಗಿಲ ಆಚೆ ಇರುವಾಗಲೇ. ಒಮ್ಮೆ ಮನೆಗೆ ಬಂದ ನೆಂಟರ ಮಗು ಅವನನ್ನು ನೋಡಿ ‘ರಾಕ್ಷಸ’ ಅಂತ ಕಿರುಚಿ ಓಡಿತು. ಅಮ್ಮ ಏನೂ ಹೇಳಲಿಲ್ಲ. ಆ ಮಗುವಿನ ಮೇಲೆ ನನಗೆ ಸಿಟ್ಟಿಲ್ಲ. ಅದರ ಚಿತ್ರದ ಪುಸ್ತಕಗಳಲ್ಲಿ ಕೆಟ್ಟವರಿಗೆಲ್ಲ ದೊಡ್ಡ ತಲೆ, ಸೊಟ್ಟ ಕೈ, ಒಂದು ಕಣ್ಣು. ಒಳ್ಳೆಯವರೆಲ್ಲ ಚಂದ. ಬೇರೆ ಎಂತ ಕಲಿಯಲಿಕ್ಕೆ ಸಾಧ್ಯ?

ಕುಲಕ್ಕೆ ಕುಲವೇ ಕೆಟ್ಟದ್ದು ಅನ್ನುವುದನ್ನು ಈಗ ಬಹಳ ಜನ ಪ್ರಶ್ನೆ ಮಾಡುತ್ತಾರೆ, ಒಳ್ಳೆಯದು. ಆದರೆ ಸೊಟ್ಟ ದೇಹ ಅಂದರೆ ಸೊಟ್ಟ ಮನಸ್ಸು ಅನ್ನುವುದು ಅದಕ್ಕಿಂತ ಆಳದಲ್ಲಿ ಕೂತಿದೆ, ಅದನ್ನು ಯಾರೂ ಅಲುಗಾಡಿಸುವುದಿಲ್ಲ. ನೀನು ಬೇಕಾದಷ್ಟು ಕ್ರೂರಿಯನ್ನು ಬರೆ. ಅವನು ಮಾಡಿದ ಕೆಲಸ ನೋಡಿ ನನ್ನ ಮೈ ನಡುಗಲಿ. ಬೆನ್ನು ನೋಡಿ ನಡುಗುವುದು ಬೇಡ. ಗೂನು ಇರಲೇಬೇಕು ಅಂತಾದರೆ ಅದಕ್ಕೆ ಕಾರಣ ನಿನ್ನ ಕಥೆಯಲ್ಲೇ ಉಂಟಲ್ಲ. ತಲೆಮಾರುಗಟ್ಟಲೆ ಸುರಂಗದಲ್ಲಿ ಬಗ್ಗಿ ನಡೆದ ಬೆನ್ನು ಅದು. ಹೊರಗಿನಿಂದ ಕೊರೆಯಲು ಹೋಗುವ ಕೂಲಿಯವರ ಬೆನ್ನೂ ಹಾಗೇ ಬಗ್ಗಿರುತ್ತದೆ. ನಾಯಕನ ಅಪ್ಪ ಸುರಂಗ ಕೊರೆಯುವವನಾ? ಹಾಗಾದರೆ ಅವನು ಆ ಬೆನ್ನನ್ನು ಮೊದಲೇ ನೋಡಿರುತ್ತಾನೆ.

ನೀರ್ಚಾಲು ಮಾಷ್ಟ್ರು:

ಪಡ್ರೆಯ ಮಗಳು ಬರೆದದ್ದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ಅವರ ಮಾತಿಗೆ ಸೇರಿಸಲು ನನ್ನ ಹತ್ತಿರ ಏನೂ ಇಲ್ಲ. ಬೇರೆ ಒಂದು ದಾರಿಯಿಂದ ಬರುತ್ತೇನೆ.

ರಾಕ್ಷಸರು ಹುಟ್ಟಾ ಕೆಟ್ಟವರಾ ಅನ್ನುವ ಪ್ರಶ್ನೆ ಹೊರಗಿನಿಂದ ಬಂದ ಹೊಸ ಫ್ಯಾಶನ್ ಅಂತ ಕೆಲವರು ತಿಳಿದಿದ್ದಾರೆ. ಕನ್ನಡದಲ್ಲಿ ಒಂಬೈನೂರು ವರ್ಷ ಹಿಂದೆಯೇ ನಾಗಚಂದ್ರ ಇದನ್ನು ಬರೆದಿದ್ದಾನೆ. ಪಂಪ ರಾಮಾಯಣ ಅಂತ ಕರೆಯುವ ಅವನ ಕಾವ್ಯ ಜೈನ ಪರಂಪರೆಯ ರಾಮಾಯಣ. ಅಲ್ಲಿ ರಾಕ್ಷಸ ಅನ್ನುವುದು ಒಂದು ರಾಜವಂಶದ ಹೆಸರು. ನರಮಾಂಸ ತಿನ್ನುವುದಿಲ್ಲ, ಕೋರೆಹಲ್ಲು ಇಲ್ಲ. ರಾವಣನಿಗೆ ಇರುವುದು ಒಂದೇ ತಲೆ, ಕೊರಳ ಹಾರದ ರತ್ನಗಳಲ್ಲಿ ಮುಖದ ಪ್ರತಿಬಿಂಬ ಬಿದ್ದು ಹತ್ತಾಗಿ ಕಂಡಿತು ಅಷ್ಟೇ. ಒಪ್ಪದ ಹೆಣ್ಣನ್ನು ಮುಟ್ಟುವುದಿಲ್ಲ ಅಂತ ವ್ರತ ಹಿಡಿದವನು. ಅಂಥವನು ಸೀತೆಯನ್ನು ಕದ್ದು ತರುತ್ತಾನೆ. ‘ಅಬ್ಧಿಯುಮೊರ್ಮೆ ಕಾಲವಶದಿಂ ಮರ್ಯಾದೆಯಂ ದಾಂಟದೇ’ ಅಂತ ಕವಿ ಕೇಳುತ್ತಾನೆ. ಸಮುದ್ರವೂ ಒಮ್ಮೊಮ್ಮೆ ದಡ ಮೀರುವುದಿಲ್ಲವೇ ಅಂತ.

ಹಾಗಂತ ರಾವಣನನ್ನು ಬಿಟ್ಟುಬಿಡುವುದಿಲ್ಲ, ಗಮನಿಸಿ. ಸೀತೆ ಮೂರ್ಛೆ ಹೋದದ್ದನ್ನು ನೋಡಿ ಅವನ ಮನಸ್ಸು ತಿರುಗುತ್ತದೆ. ಇಂಥ ಪ್ರೀತಿಯನ್ನು ಮುರಿದೆನಲ್ಲ ಅಂತ ನೋಯುತ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಜನ ಹೇಡಿ ಅಂದಾರು, ಯುದ್ಧದಲ್ಲಿ ಗೆದ್ದು ಆಮೇಲೆ ಒಪ್ಪಿಸುತ್ತೇನೆ ಅನ್ನುತ್ತಾನೆ. ಆ ಅಭಿಮಾನವೇ ಅವನನ್ನು ಕೊಲ್ಲುತ್ತದೆ. ಹುಟ್ಟಾ ಕೆಟ್ಟವನಾಗಿದ್ದರೆ ಇಲ್ಲಿ ನೋಯಲು ಏನೂ ಇರುತ್ತಿರಲಿಲ್ಲ. ಬೇರೆ ದಾರಿ ಇತ್ತು, ಅವನಿಗೇ ಕಂಡಿತ್ತು, ಹಿಡಿಯಲಿಲ್ಲ. ಮಕ್ಕಳಿಗೆ ಈ ಭಾಗ ಪಾಠ ಮಾಡುವಾಗ ತರಗತಿ ಗಲಾಟೆ ಇಲ್ಲದೆ ಕೇಳುತ್ತಿತ್ತು.

ಇನ್ನು ವ್ಯಾಸ ಭಾರತದ ದ್ರೋಣ ಪರ್ವ. ಘಟೋತ್ಕಚ ಪಾಂಡವರಿಗಾಗಿ ರಾತ್ರಿ ಯುದ್ಧದಲ್ಲಿ ಸಾಯುತ್ತಾನೆ. ಪಾಂಡವರೆಲ್ಲ ಅಳುತ್ತಿದ್ದರೆ ಕೃಷ್ಣ ಕುಣಿಯುತ್ತಾನೆ. ಕರ್ಣನ ಶಕ್ತ್ಯಾಯುಧ ಖರ್ಚಾಯಿತು, ಅರ್ಜುನ ಉಳಿದ ಅನ್ನುವುದು ಒಂದು ಕಾರಣ. ಆಮೇಲೆ ಅವನು ಹೇಳುವ ಮಾತು ಇನ್ನೂ ಕಠಿಣ. ಇವನು ಯಜ್ಞ, ಬ್ರಾಹ್ಮಣರನ್ನು ದ್ವೇಷಿಸುವ ರಾಕ್ಷಸ, ಕರ್ಣ ಕೊಲ್ಲದಿದ್ದರೆ ನಾನೇ ಕೊಲ್ಲಬೇಕಾಗುತ್ತಿತ್ತು ಅಂತ. ಭೀಮನ ಮಗ, ಕರೆದಾಗ ಬಂದವನು, ಇವರ ಪಕ್ಷದಲ್ಲೇ ಸತ್ತವನು. ಆದರೂ ಕೊನೆಗೆ ಹುಟ್ಟಿನ ಲೆಕ್ಕವೇ ಬಂತು. ನನಗೆ ಈ ಜಾಗ ಓದುವಾಗಲೆಲ್ಲ ಸಂಕಟ ಆಗುತ್ತದೆ. ನಿಮ್ಮ ಒಳಗುಡ್ಡದವರಲ್ಲಿ ಒಬ್ಬ ಊರವರಿಗೆ ಸಹಾಯ ಮಾಡಿದರೆ ಊರವರು ಅವನನ್ನು ಏನು ಮಾಡುತ್ತಾರೆ? ಅದನ್ನು ಯೋಚಿಸಿ ನೋಡಿ ಮಗಳೇ.

ನಮ್ಮ ಜಿಲ್ಲೆಯಲ್ಲಿ ದೀಪಾವಳಿಗೆ ಬಲೀಂದ್ರನನ್ನು ಕೂ ಹಾಕಿ ಕರೆಯುತ್ತೇವೆ, ಕಾಞಂಗಾಡಿನ ಕಡೆ ಪೊಲಿಯಂದ್ರ ಅಂತ ಪಾಲೆ ಮರದ ಕೊಂಬೆ ನಟ್ಟು ದೀಪ ಇಡುತ್ತಾರೆ, ಓಣಂ ಅಂತೂ ಅವನದ್ದೇ ಹಬ್ಬ. ಅಸುರ ಕುಲದ ರಾಜನನ್ನು ವರ್ಷಕ್ಕೆ ಎರಡು ಸಲ ಮನೆಗೆ ಕರೆಯುವ ಊರಿನಲ್ಲಿ ಕೂತು ನೀವು ಬರೆಯುತ್ತಿದ್ದೀರಿ. ಓದುಗರು ಒಪ್ಪುತ್ತಾರೋ ಇಲ್ಲವೋ ಅನ್ನುವ ಅಂಜಿಕೆ ಬೇಡ.

ಸುರಂಗದ ನೀರು:

ಎಲ್ಲರ ಮಾತನ್ನೂ ಕೂತು ಓದಿದೆ. ಪಡ್ರೆ ಅಕ್ಕ, ನಿಮಗೆ ಬೇರೆಯಾಗಿ ಬರೆಯುತ್ತೇನೆ. ನಾಯಕನ ಅಪ್ಪ ಸುರಂಗ ಕೊರೆಯುವವನೇ. ಆ ಬೆನ್ನು ಈಗ ಮೊದಲ ಅಧ್ಯಾಯದಲ್ಲೇ ಬರುತ್ತದೆ.

ಇಷ್ಟು ಬದಲಾಯಿಸುತ್ತಿದ್ದೇನೆ. ಒಸರು ಮುಚ್ಚುವುದಕ್ಕೆ ಕಾರಣ ಇದೆ. ಮೇಲಿನವರು ಹೊಸ ಸುರಂಗ ಕೊರೆದ ಹಾಗೆಲ್ಲ ಒಳಗಿನವರ ನೀರು ಬತ್ತುತ್ತದೆ. ನಮ್ಮಲ್ಲಿ ಒಬ್ಬರು ಬೋರ್‌ವೆಲ್ ಹಾಕಿದರೆ ಪಕ್ಕದವರ ಸುರಂಗ ಒಣಗುವುದಿಲ್ವಾ, ಹಾಗೆ. ಆದರೆ ಜನರನ್ನು ಎಳೆದುಕೊಂಡು ಹೋಗುವುದು ನೀರಿಗಾಗಿ ಅಲ್ಲ. ಅದನ್ನು ಮಾಡುವವಳು ಅವರಲ್ಲಿ ಒಬ್ಬಳು, ಅವರ ಮುಖ್ಯಸ್ಥೆ. ಅವಳಿಗೆ ಅದರಲ್ಲಿ ರುಚಿ ಹತ್ತಿದೆ. ಕುಲದವರಲ್ಲಿ ಕೆಲವರು ಅವಳ ಜೊತೆ, ಕೆಲವರು ಹೆದರಿ ಸುಮ್ಮನಿದ್ದಾರೆ. ಅವಳಿಗೆ ಕ್ಷಮೆ ಇಲ್ಲ. ನಾಯಕನ ಎದುರು ನಿಂತು ಮಾತಾಡುವವಳೂ ಅವಳೇ, ಮಾತಿನಲ್ಲಿ ಅವನು ಸೋಲುತ್ತಾನೆ.

ಹೊಗೆಯ ಅಧ್ಯಾಯ ಉಳಿಯುತ್ತದೆ. ಬೆಂಕಿ ಹಾಕುವುದು ಊರವರು, ನಾಯಕ ಒಳಗೆ ಇರುವಾಗಲೇ. ಅವನು ಮಗುವಿನ ಸದ್ದು ಹುಡುಕಿಕೊಂಡು ಎರಡನೇ ಸಲ ಹೋಗಿರುತ್ತಾನೆ, ಕೈಯಲ್ಲಿದ್ದ ದೀ‍ಪ ಮಂಕಾಗಲು ಶುರುವಾಗುತ್ತದೆ. ಯಾರು ಹೊರಗೆ ಬರುತ್ತಾರೆ ಅಂತ ಈಗ ಹೇಳುವುದಿಲ್ಲ.

ಕುಂಬಳೆ ಹೊಳೆ:

ಮುಖ್ಯಸ್ಥೆಗೆ ದುಃಖದ ಬಾಲ್ಯ ಇಲ್ಲ ತಾನೇ? ಇಲ್ಲ ಅಂತಾದರೆ ನಾನು ಓದುತ್ತೇನೆ. ಹೊಗೆಯ ಅಧ್ಯಾಯ ಆದ ಮೇಲೆ ಕಳಿಸಿ, ಹೆದರಿಕೆ ಸಾಲದಿದ್ದರೆ ನೇರವಾಗಿ ಹೇಳುತ್ತೇನೆ. ಬಬಿಯಾ ವಿಷಯ ಮಾತ್ರ ಒಪ್ಪಿದೆ. ಅದರ ಕೆರೆ ದಂಡೆಯಲ್ಲಿ ಕೂತೇ ನಾನು ದೊಡ್ಡವನಾದದ್ದು, ಒಂದು ದಿನವೂ ಅದನ್ನು ಕೆಟ್ಟದ್ದು ಅಂದುಕೊಂಡಿಲ್ಲ, ಒಂದು ದಿನವೂ ನೀರಿಗೆ ಕಾಲು ಇಳಿಸಿದ್ದೂ ಇಲ್ಲ.